ಎರಡನೆಯ ಮೆಟ್ಟಿಲು

ನನಗೊಂದು ವಿಚಿತ್ರ ಅಭ್ಯಾಸ ಉಂಟು. ಮೆಟ್ಟಿಲು ಇಳಿಯುವಾಗ ಮೇಲಿನಿಂದ ಎರಡನೆಯದನ್ನು ತುಳಿಯುವುದಿಲ್ಲ. ಹಾರಿ ಮೂರನೆಯದರ ಮೇಲೆ ಕಾಲಿಡುತ್ತೇನೆ. ಅದು ಟೈಲ್ಸ್ ಹಾಕಿದ್ದಿರಲಿ, ಸಿಮೆಂಟಿನದ್ದಿರಲಿ, ನಿನ್ನೆ ಕಟ್ಟಿಸಿದ್ದೇ ಇರಲಿ, ನನ್ನ ಕಾಲಿಗೆ ನಂಬಿಕೆ ಇಲ್ಲ. ಐವತ್ತು ದಾಟಿದ ಹೆಂಗಸೊಬ್ಬಳು ಸೀರೆಯ ನೆರಿಗೆ ಎತ್ತಿ ಹಿಡಿದು ಹೀಗೆ ಹಾರುವುದು ನೋಡುವವರಿಗೆ ತಮಾಷೆಯೇ. ನಾನು ಕೆಲಸ ಮಾಡುವುದು ಉಡುಪಿಯಲ್ಲಿ, ಒಬ್ಬ ವಕೀಲರ ಆಫೀಸಿನಲ್ಲಿ, ಟೈಪಿಸ್ಟ್ ಆಗಿ. ಆಫೀಸು ಮಹಡಿಯ ಮೇಲಿದೆ. ದಿನಕ್ಕೆ ನಾಲ್ಕು ಸಲವಾದರೂ ನನ್ನ ಈ ಸರ್ಕಸ್ ನಡೆಯುತ್ತದೆ.

ಮೊನ್ನೆ ನಮ್ಮ ಜೂನಿಯರ್ ವಕೀಲೆ ಹಿಂದಿನಿಂದ ಬರುತ್ತಿದ್ದಳು. ಒಳ್ಳೆಯ ಹುಡುಗಿ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. "ಎಂತ ಸುಮತಿಯಕ್ಕ, ಆ ಮೆಟ್ಟಿಲಿನ ಮೇಲೆ ಸ್ಟೇ ಆರ್ಡರ್ ಉಂಟಾ?" ಎಂದು ಕೇಳಿದಳು. "ಮಂಡಿನೋವು ಮಾರಾಯ್ತಿ" ಎಂದೆ. ಮಂಡಿನೋವಿದ್ದವರು ಹಾರುತ್ತಾರೆಯೇ ಎಂದು ಅವಳು ಕೇಳಲಿಲ್ಲ, ಅದೊಂದು ಪುಣ್ಯ. ಆದರೆ ಅಂದು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳಿಗೆ ಅಕ್ಕನ ನೆನಪು ಬಂತು. ಕಂಡಕ್ಟರ್ ಎರಡು ಸಲ "ಎಲ್ಲಿಗೆ ಅಕ್ಕ?" ಎಂದು ಕೇಳಬೇಕಾಯಿತು.

ಎಲ್ಲಿಗೆ ಎಂದರೆ, ಈಗ ನಾನು ಪರ್ಕಳಕ್ಕೆ ಹೋಗುವುದಿಲ್ಲ. ಹನ್ನೊಂದು ವರ್ಷ ಹೋದೆ. ಅಲ್ಲಿ ನಾನೂ ನನ್ನ ಅಕ್ಕ ಗಿರಿಜೆಯೂ ಒಂದು ಬಾಡಿಗೆ ಮನೆಯಲ್ಲಿದ್ದೆವು. ನಮ್ಮಿಬ್ಬರಿಗೂ ಮದುವೆಯಾಗಲಿಲ್ಲ, ಯಾಕೆ ಎಂದು ಕೇಳಬೇಡಿ, ಅದು ಬೇರೆಯೇ ಪ್ರಬಂಧ. ಅಕ್ಕ ಮನೆಯಲ್ಲೇ ಕೂತು ಬಟ್ಟೆ ಹೊಲಿಯುತ್ತಿದ್ದಳು. ರವಿಕೆಗೆ ಅವಳದೇ ಕೈ ಬೇಕೆಂದು ಮಣಿಪಾಲದಿಂದಲೂ ಬರುವವರಿದ್ದರು. ಎದುರಿನ ಕೋಣೆಯ ಕಿಟಕಿಯ ಕೆಳಗೆ ಅವಳ ಮೆಷಿನ್. ಕಾಲಿನಲ್ಲಿ ತುಳಿಯುವಂಥದ್ದು, ನಮ್ಮ ಅಮ್ಮ ಬಳೆ ಮಾರಿ ತೆಗೆಸಿಕೊಟ್ಟದ್ದು. ಬೆಳಿಗ್ಗೆ ಎಂಟರಿಂದ ಅದರ ಸದ್ದು ಶುರುವಾದರೆ ನಾನು ಸಂಜೆ ಗೇಟು ತೆಗೆಯುವಾಗಲೂ ಅದೇ ಸದ್ದು. ಆ ಸದ್ದು ಕೇಳಿದರೆ ಮನೆಗೆ ಬಂದೆ ಎಂದು ಅರ್ಥ.

ಪರ್ಕಳ ಎಂದರೆ ಏರುತಗ್ಗಿನ ಊರು. ನಮ್ಮ ಮನೆಯ ಎದುರು ಭಾಗ ರಸ್ತೆಯ ಮಟ್ಟಕ್ಕಿದ್ದರೆ ಹಿತ್ತಿಲು ಐದು ಮೆಟ್ಟಿಲಿನಷ್ಟು ಕೆಳಗೆ. ಅಡುಗೆಮನೆಯ ಬಾಗಿಲು ತೆಗೆದರೆ ಮುರಕಲ್ಲಿನ ಐದು ಮೆಟ್ಟಿಲು. ಅದಿಳಿದರೆ ಬಾವಿ, ಬಟ್ಟೆ ಒಗೆಯುವ ಕಲ್ಲು, ನಾಲ್ಕು ಬಾಳೆ, ಒಂದು ಬಸಳೆ ಚಪ್ಪರ. ನಮ್ಮ ಅರ್ಧ ಜೀವನ ಆ ಮೆಟ್ಟಿಲುಗಳ ಮೇಲೆಯೇ ನಡೆಯುತ್ತಿತ್ತು. ನಾವು ಆ ಮನೆಗೆ ಬಂದ ಮೂರನೆಯ ಮಳೆಗಾಲದಲ್ಲಿ ಎರಡನೆಯ ಮೆಟ್ಟಿಲಿನ ಕಲ್ಲು ಸೀಳಿತು. ಅಂಚಿನಲ್ಲಿ ಕಾಲಿಟ್ಟರೆ ಸಾಕು, ಹಳೆಯ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು.

ನಾನು ಹಿತ್ತಿಲಿಗೆ ಹೊರಟರೆ ಎದುರಿನ ಕೋಣೆಯಿಂದ, ಮೆಷಿನ್ ನಿಲ್ಲಿಸದೆ, ತಲೆ ಎತ್ತದೆ, ಅಕ್ಕ ಕೂಗಿ ಹೇಳುತ್ತಿದ್ದಳು: "ಎರಡನೆಯದು!"

"ಗೊತ್ತುಂಟು" ಎಂದು ನಾನು ಹಾರುತ್ತಿದ್ದೆ. ದಿನಕ್ಕೆ ಹತ್ತು ಸಲ. ಏಳು ವರ್ಷ.

ಹಾರುವುದನ್ನು ನನಗೆ ಕಲಿಸಿದವಳೂ ಅವಳೇ. ನಾವು ಹುಟ್ಟಿ ಬೆಳೆದದ್ದು ಕಾಪು ಹತ್ತಿರದ ಇನ್ನಂಜೆಯಲ್ಲಿ. ಶಾಲೆಗೆ ಗದ್ದೆಯ ಹುಣಿಯ, ಅಂದರೆ ಬದುವಿನ ಮೇಲೆ ನಡೆದು ಹೋಗಬೇಕು. ಒಂದು ಗದ್ದೆಯ ನೀರು ಇನ್ನೊಂದಕ್ಕೆ ಹೋಗಲೆಂದು ಹುಣಿಯನ್ನು ಅಲ್ಲಲ್ಲಿ ಕಡಿದಿರುತ್ತಾರಲ್ಲ, ಅಲ್ಲಿ ನನಗೆ ಪ್ರಾಣಭಯ. ಅಕ್ಕ ಮೊದಲು ಹಾರಿ ಆಚೆ ನಿಂತು ಕೈ ಚಾಚುತ್ತಿದ್ದಳು. "ನೀರು ನೋಡ್ಬೇಡ, ನನ್ನ ಮುಖ ನೋಡು" ಎನ್ನುತ್ತಿದ್ದಳು. ನಾನು ನೀರನ್ನೇ ನೋಡಿ, ನೀರಿಗೇ ಬಿದ್ದು, ಕೆಸರು ಮೆತ್ತಿದ ಲಂಗದಲ್ಲಿ ಅಳುತ್ತಾ ಶಾಲೆಗೆ ಹೋದ ದಿನಗಳೇ ಹೆಚ್ಚು. ಅವಳು ತನ್ನ ಒಣ ಲಂಗ ನನಗೆ ಕೊಟ್ಟು ನನ್ನ ಒದ್ದೆ ಲಂಗ ಉಟ್ಟು ಕೂತದ್ದೂ ಉಂಟು. ಮಾಸ್ಟ್ರು ಬೈದದ್ದು ಅವಳನ್ನು.

ಈ ಮಾಸ್ಟ್ರ ವಿಷಯ ಹೇಳದಿದ್ದರೆ ಮೆಟ್ಟಿಲಿನ ವಿಷಯ ಅರ್ಥವಾಗುವುದಿಲ್ಲ. ಕಾರ್ಕಳದಿಂದ ವರ್ಗವಾಗಿ ನಮ್ಮ ಶಾಲೆಗೆ ಬಂದವರು, ಕನ್ನಡ ಕಲಿಸುತ್ತಿದ್ದರು. ನಾನು ಏಳನೆಯದು ಪಾಸಾದ ವರ್ಷ ಒಂದು ಸಂಜೆ ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು, ಅದೇ ಹುಣಿಯ ಮೇಲೆ ನಡೆದು ನಮ್ಮ ಮನೆಗೆ ಬಂದರು. ನಮ್ಮ ಜಗಲಿಯಲ್ಲಿ ಕೂತು ಅಪ್ಪನಿಗೆ, "ನಿಮ್ಮ ಎರಡು ಹುಡುಗಿಯರೂ ಚುರುಕು. ಇಬ್ಬರನ್ನೂ ಹೈಸ್ಕೂಲಿಗೆ ಕಳಿಸ್ಬೇಕು" ಎಂದರು. ಅಕ್ಕ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಏಳನೆಯದು ಮುಗಿಸಿ ಮನೆಯಲ್ಲೇ ಇದ್ದಳು. ಅಪ್ಪ ಬಹಳ ಹೊತ್ತು ಅಡಿಕೆ ಕತ್ತರಿಸಿ, "ಇಬ್ಬರಾಗುವುದಿಲ್ಲ ಮಾಸ್ಟ್ರೇ, ಒಬ್ಬಳನ್ನು ಬೇಕಾದ್ರೆ" ಎಂದರು. ಬಾಗಿಲ ಹಿಂದೆ ನಿಂತಿದ್ದ ಅಕ್ಕ, ಯಾರೂ ಕೇಳದಿದ್ದರೂ, "ಸುಮತಿ ಹೋಗ್ಲಿ" ಎಂದಳು. ಮಾಸ್ಟ್ರು ಬರದೇ ಇರುತ್ತಿದ್ದರೆ ಅಪ್ಪ ಒಬ್ಬಳನ್ನೂ ಕಳುಹಿಸುತ್ತಿರಲಿಲ್ಲ. ಅಕ್ಕ ಬಾಯಿ ಬಿಡದಿದ್ದರೆ ನಾನು ಹೋಗುತ್ತಿರಲಿಲ್ಲ. ಈ ಎರಡು ಋಣದ ನಡುವೆ ನನ್ನ ಇಡೀ ಆಯುಷ್ಯ ಸಿಕ್ಕಿಹಾಕಿಕೊಂಡಿತು.

ಪರ್ಕಳದ ಮನೆ ಆ ಮಾಸ್ಟ್ರದ್ದು. ನಿವೃತ್ತರಾದ ಮೇಲೆ ಮಣಿಪಾಲದ ಆಸ್ಪತ್ರೆಗೆ ಹತ್ತಿರವಾಗುತ್ತದೆ ಎಂದು ಕಟ್ಟಿಸಿದ್ದರು. ಆದರೆ ಅವರ ಹೆಂಡತಿ ಕಾರ್ಕಳ ಬಿಟ್ಟು ಬರಲು ಒಪ್ಪಲಿಲ್ಲ. ನಾವು ಬಾಡಿಗೆಗೆ ಹುಡುಕುತ್ತಿದ್ದೇವೆಂದು ತಿಳಿದು ಆಫೀಸಿಗೇ ಬಂದು, "ನೀವು ಇದ್ದರೆ ನಾನೇ ಇದ್ದ ಹಾಗೆ" ಎಂದು ಬೀಗದ ಕೈ ಕೊಟ್ಟರು. ಕರಾರುಪತ್ರ ಮಾಡಿಕೊಳ್ಳಲಿಲ್ಲ. ದಿನಕ್ಕೆ ಎರಡು ಕರಾರುಪತ್ರ ಟೈಪ್ ಮಾಡುವ ನಾನು ಮಾಸ್ಟ್ರ ಹತ್ತಿರ ಕಾಗದ ಕೇಳುವುದುಂಟೇ ಎಂದುಕೊಂಡೆ. ನಾಚಿಕೆಯಾಯಿತು ನೋಡಿ ನನಗೆ!

ಮೆಟ್ಟಿಲು ಸೀಳಿದ್ದನ್ನು ನಾನು ಆ ತಿಂಗಳೇ ಹೇಳಿದೆ. ಮಾಸ್ಟ್ರು ಪ್ರತಿ ತಿಂಗಳ ಮೊದಲ ಭಾನುವಾರ ಕಾರ್ಕಳದ ಬಸ್ಸು ಹತ್ತಿ ಬರುತ್ತಿದ್ದರು. "ಈ ಮುರಕಲ್ಲು ಎಂತದಕ್ಕೂ ಆಗುದಿಲ್ಲ ಸುಮತಿ. ನಮ್ಮ ಕಾರ್ಕಳದ ಕಲ್ಲು ತಂದು ಹಾಕಿಸ್ತೇನೆ. ನೂರು ವರ್ಷ ಅಲ್ಲಾಡ್ಲಿಕ್ಕಿಲ್ಲ" ಎಂದರು. ಎಷ್ಟು ಸಂತೋಷವಾಯಿತು! ಮಳೆ ಬಿಡಲಿ ಎಂದರು, ಬಿಟ್ಟಿತು. ದೀಪಾವಳಿ ಕಳೆಯಲಿ ಎಂದರು, ಕಳೆಯಿತು. ಆಮೇಲೆ ಕಲ್ಲು ಕಡಿಯುವವನಿಗೆ ಪುರುಸೊತ್ತಿಲ್ಲ, ಆಮೇಲೆ ಲಾರಿ ಆ ಕಡೆ ಬರುವುದಿಲ್ಲ, ಆಮೇಲೆ ಸೆಕೆ, ಆಮೇಲೆ ಪುನಃ ಮಳೆ. ಸುಳ್ಳು ಹೇಳುವ ಮನುಷ್ಯರಲ್ಲ. ಹೇಳುವಾಗ ನಿಜವಾಗಿಯೂ ಮಾಡಿಸುವ ಮನಸ್ಸೇ ಇರುತ್ತಿತ್ತು. ಬಸ್ಸು ಹತ್ತಿದ ಮೇಲೆ ಮರೆಯುತ್ತಿದ್ದರೋ ಏನೋ.

ನೀವೇ ಮಾಡಿಸಬಹುದಿತ್ತಲ್ಲ, ಒಂದು ಕಲ್ಲು ತಾನೆ ಎಂದು ನೀವು ಕೇಳುತ್ತೀರಿ. ಕೇಳಬೇಕಾದದ್ದೇ. ಕಲ್ಲು ಸೀಳಿದ ಎರಡನೆಯ ವರ್ಷ ನಾನು ಪರ್ಕಳದಲ್ಲೇ ಕಲ್ಲುಕೆಲಸ ಮಾಡುವ ಸಂಜೀವ ಎಂಬವನನ್ನು ಕರೆಸಿದ್ದೆ. ಅವನು ಅಳತೆ ತೆಗೆದು ಹೋದ. ಆ ಭಾನುವಾರ ಮಾಸ್ಟ್ರಿಗೆ ವಿಷಯ ತಿಳಿದು ಮುಖ ಸಣ್ಣಗಾಯಿತು. "ನಾನು ಸತ್ತಿದ್ದೇನಾ ಸುಮತಿ? ನಿಮ್ಮ ಕೈಯಿಂದ ಮಾಡಿಸಿಕೊಂಡೆ ಅಂತ ನಾಳೆ ಯಾರಾದರೂ ಹೇಳಿದರೆ ನಾನು ಮುಖ ಎತ್ತಿ ನಡೆಯುವುದು ಹೇಗೆ?" ಎಂದರು. ಅಕ್ಕ ನನ್ನನ್ನು ಎಂಥ ದೃಷ್ಟಿಯಿಂದ ನೋಡಿದಳೆಂದರೆ ನಾನು ಸಂಜೀವನಿಗೆ ಬರಬೇಡ ಎಂದು ಹೇಳಿ ಕಳುಹಿಸಿದೆ.

ಇನ್ನೊಂದು ಕಷ್ಟವನ್ನು ಹೇಳಿದರೆ ನೀವು ನಗಬಹುದು. ನಮ್ಮ ಮನೆಮಾತು ತುಳು. ಜಗಳ, ಚೌಕಾಶಿ, ಬೈಗುಳ, ಬೇಡಿಕೆ ಎಲ್ಲ ನಮಗೆ ಬರುವುದು ತುಳುವಿನಲ್ಲಿ. ಮೀನಿನವಳ ಹತ್ತಿರ ನನ್ನ ಬಾಯಿ ನೋಡಬೇಕು ನೀವು! ಆದರೆ ಮಾಸ್ಟ್ರ ಎದುರು ತುಳುವಿನಲ್ಲಿ ಮಾತಾಡಿದರೆ ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಬೇಕಿತ್ತು. ಹಾಗಾಗಿ ಅವರ ಹತ್ತಿರ ಕನ್ನಡವೇ. ಆ ಕನ್ನಡ ನಾವು ಅವರಿಂದಲೇ ಕಲಿತದ್ದು, ಅದರಲ್ಲಿ ನಮಗೆ ಚೆನ್ನಾಗಿ ಬರುತ್ತಿದ್ದದ್ದು ಒಂದೇ ವಾಕ್ಯ, "ಹೌದು ಸಾರ್." ನಾಳೆ ಮಾಡಿಸುತ್ತೇನೆ ಎಂದರೂ ಹೌದು ಸಾರ್, ಮುಂದಿನ ತಿಂಗಳು ಎಂದರೂ ಹೌದು ಸಾರ್.

ಅಕ್ಕನದ್ದು ನನಗಿಂತ ಒಂದು ಕೈ ಮೇಲೆ. ಮೊದಲ ಭಾನುವಾರ ಹತ್ತಿರ ಬಂದರೆ ಅವಳಿಗೆ ಮನೆ ತೊಳೆಯುವ ಹುಚ್ಚು ಹಿಡಿಯುತ್ತಿತ್ತು. ಗೋಡೆಯ ಬೂಷ್ಟು ಉಜ್ಜಿ ತೆಗೆಯುವಳು. ನೀರಿಳಿದು ಹಳದಿಯಾದ ಕಡೆ ಕ್ಯಾಲೆಂಡರ್ ಜರುಗಿಸಿ ತೂಗಿಸುವಳು. ಮಾಡಿನ ಸೋರುವ ಹೆಂಚಿನ ಕೆಳಗಿನ ಬಾಲ್ದಿಯನ್ನು ಅಡಗಿಸಿಡುವಳು. ಕೊನೆಗೆ ಒಂದು ಒಗೆದ ಗೋಣಿಚೀಲ ತಂದು ಎರಡನೆಯ ಮೆಟ್ಟಿಲಿಗೆ ಹೊದಿಸಿ, ಅಂಚಿಗೆ ತುಳಸಿಯ ಚಟ್ಟಿ ಇಡುವಳು. ಒಡೆದ ಕಲ್ಲು ಕಾಣುತ್ತಲೇ ಇರಲಿಲ್ಲ.

"ಅವರು ನೋಡ್ಬೇಕು ಅಂತ ನಾನು ಬಡ್ಕೊಳ್ತೇನೆ, ನೀನು ಮುಚ್ಚಿಡ್ತೀ. ನಿನಗೆ ಎಂತ ತಲೆ ಸರಿ ಉಂಟಾ?" ಎಂದು ನಾನು ರೇಗುತ್ತಿದ್ದೆ.

"ಊಟಕ್ಕೆ ಬಂದವರಿಗೆ ಹರಕು ತೋರಿಸುದಾ? ಅವರಿಗೇ ಬೇಜಾರಾಗ್ತದೆ" ಎನ್ನುತ್ತಿದ್ದಳು.

ನಮ್ಮ ತಪ್ಪು ಅಲ್ಲೇ ಇತ್ತು. ಮನೆಯ ಮಾಲಿಕರಾಗಿ ಬಂದವರನ್ನು ನಾವು ನೆಂಟರನ್ನಾಗಿ ಮಾಡಿಬಿಟ್ಟೆವು. ನೆಂಟರಿಗೆ ಬಾಳೆ ಎಲೆಯಲ್ಲೇ ಬಡಿಸಬೇಕು. ಮಾಸ್ಟ್ರು ನಿವೃತ್ತರಾದ ಮೇಲೆ ಮೀನು ಬಿಟ್ಟವರು. ಹಾಗಾಗಿ ಭಾನುವಾರವೂ ಬಸಳೆ, ಹಲಸಿನ ಬೀಜದ ಪದಾರ್ಥ, ಕುಚ್ಚಲಕ್ಕಿ ಅನ್ನ, ಹಪ್ಪಳ. ಉಂಡು ಎದ್ದು ಮನೆಯ ಸುತ್ತ ಕಣ್ಣಾಡಿಸಿ, "ಗಿರಿಜೆಯ ಕೈಯಲ್ಲಿ ಮನೆ ಹೊಸತಾಗಿಯೇ ಉಂಟು" ಎಂದು ಹೊಗಳಿ ಮೂರೂವರೆಯ ಬಸ್ಸಿಗೆ ಹೊರಡುವರು. ಅಕ್ಕನ ಮುಖ ಅರಳುವುದು. ನಾನು ಬಾಲ್ದಿಯನ್ನು ಪುನಃ ಹೆಂಚಿನ ಕೆಳಗೆ ಇಡುವುದು.

ಹೀಗಿರುವಾಗ ಒಂದು ದಿನ ಆಫೀಸಿಗೆ ಕಾಪು ಕಡೆಯ ಒಬ್ಬ ಹೆಂಗಸು ಬಂದಳು. ಬಾಡಿಗೆ ಮನೆಯ ಬಚ್ಚಲಿನ ಗೋಡೆ ವಾಲಿದೆ, ಮಾಲಿಕರು ತಿರುಗಿ ನೋಡುವುದಿಲ್ಲ ಎಂದು ಅತ್ತಳು. ನಮ್ಮ ವಕೀಲರು ನಿಧಾನವಾಗಿ ವಿವರಿಸಿದರು: "ಬಾಯಲ್ಲಿ ಹೇಳಿದ್ದು ಸಾಕಾಗುದಿಲ್ಲ ಅಮ್ಮ. ಬರೆದು ಕೊಡ್ಬೇಕು. ಫೋಟೋ ತೆಗೆದಿಡಿ. ಹದಿನೈದು ದಿನ ಸಮಯ ಕೊಡುವ. ಮತ್ತೂ ಮಾಡಿಸದಿದ್ದರೆ ನೀವೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಲಿಕ್ಕೆ ದಾರಿ ಉಂಟು. ವಾಸಕ್ಕೆ ಯೋಗ್ಯವಾಗಿ ಮನೆ ಇಟ್ಟುಕೊಡುವುದು ಅವರು ಮಾಡುವ ಉಪಕಾರ ಅಲ್ಲ, ನಿಮ್ಮ ಹಕ್ಕು." ಆ ನೋಟೀಸನ್ನು ಟೈಪ್ ಮಾಡಿದವಳು ನಾನು. ಒಂದೇ ತಿಂಗಳಲ್ಲಿ ಅವಳು ಒಂದು ಗೊನೆ ಬಾಳೆಹಣ್ಣು ಹಿಡಿದು ನಗುತ್ತಾ ಬಂದಳು, ಗೋಡೆ ಎದ್ದಿತ್ತು. ಏಳನೆಯದರವರೆಗೂ ಓದದ ಹೆಂಗಸು. ನನ್ನ ಪಾಲಿನ ಹಣ್ಣು ಸಂಜೆಯವರೆಗೂ ಮೇಜಿನ ಮೇಲೆಯೇ ಇತ್ತು.

ಅದೊಂದು ಶನಿವಾರ. ಮಧ್ಯಾಹ್ನ ಬುತ್ತಿ ಮುಚ್ಚಿಟ್ಟು ನಮ್ಮದೇ ನೋಟೀಸು ಟೈಪ್ ಮಾಡಿದೆ. "ಸದರಿ ಮನೆಯ ಹಿಂಬದಿಯ ಮೆಟ್ಟಿಲುಗಳ ಪೈಕಿ ಎರಡನೆಯದು ಕಳೆದ ಏಳು ವರ್ಷಗಳಿಂದ ಶಿಥಿಲಗೊಂಡು ವಾಸಿಸುವವರ ಜೀವಕ್ಕೆ ಅಪಾಯಕಾರಿಯಾಗಿರುವುದರಿಂದ" ಎಂದು ಬೆರಳುಗಳು ತಾವೇ ಓಡಿದವು. ಜೀವಕ್ಕೆ ಅಪಾಯ ಎಂಬುದು ನಾವು ಪ್ರತಿ ನೋಟೀಸಿನಲ್ಲಿಯೂ ಹಾಕುವ ಮಾತು. ಅರ್ಥ ನೋಡಿ ಹಾಕುವುದಲ್ಲ. ವಕೀಲರು ಓದಿ, "ಯಾರದ್ದು?" ಎಂದರು. "ನಮ್ಮದೇ" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಕೈಯಲ್ಲಿ ಕೊಟ್ಟರೆ ನಕಲಿನ ಮೇಲೆ ತಲುಪಿದೆ ಅಂತ ಸಹಿ ತೆಗೊಳ್ಳಿ" ಎಂದರು. ಕಾರ್ಕಳದ ಬೀದಿಯಲ್ಲಿ ಪೋಸ್ಟ್‌ಮ್ಯಾನ್ ಮಾಸ್ಟ್ರ ಹತ್ತಿರ ನೋಟೀಸಿಗೆ ಸಹಿ ಹಾಕಿಸಿಕೊಳ್ಳುವ ಚಿತ್ರ ಕಣ್ಣ ಮುಂದೆ ಬಂತು. ನಾಳೆ ಹೇಗೂ ಮೊದಲ ಭಾನುವಾರ, ಕೈಯಲ್ಲೇ ಕೊಡುವ ಎಂದು ಬ್ಯಾಗಿಗೆ ಹಾಕಿಕೊಂಡೆ.

ಭಾನುವಾರ ಬೆಳಿಗ್ಗೆ ಅಕ್ಕನಿಗೆ ಹೇಳಿದೆ. ಅವಳು ತೆಂಗಿನಕಾಯಿ ತುರಿಯುತ್ತಿದ್ದಳು. ಕೈ ನಿಂತಿತು. "ಮಾಸ್ಟ್ರಿಗೆ ನೋಟೀಸಾ? ಅಂದು ಅವರು ಗದ್ದೆಯಲ್ಲಿ ಬಂದದ್ದು ನಿನಗೋಸ್ಕರ ಅಲ್ವಾ?"

"ನಿನಗೋಸ್ಕರವೂ ಬಂದದ್ದು" ಎಂದೆ.

ಅವಳು ಸ್ವಲ್ಪ ಹೊತ್ತು ತುರಿದಳು. "ಆಯ್ತು. ಊಟ ಮಾಡ್ಲಿ. ಎಲೆ ತೆಗೆದ ಮೇಲೆ ಕೊಡು. ಹಸಿದ ಹೊಟ್ಟೆಯಲ್ಲಿ ಕೊಡ್ಬೇಡ ಮಾರಾಯ್ತಿ" ಎಂದಳು. ಅವಳು ಒಪ್ಪಿದ್ದೇ ಹೆಚ್ಚೆಂದು ನಾನು ಸುಮ್ಮನಾದೆ. ಗೋಣಿಚೀಲ ಹಾಕಬೇಡ ಎಂದು ಮಾತ್ರ ಹೇಳಲಿಲ್ಲ. ಹೇಳಬೇಕಿತ್ತು. ಅಂದು ಹಳೆಯ ಗೋಣಿ ಒದ್ದೆಯಾಗಿತ್ತು ಎಂದು ಅವಳು ದೊಡ್ಡದೊಂದನ್ನು ಹುಡುಕಿ ತಂದು ಹೊದಿಸಿದ್ದಳು.

ಮಾಸ್ಟ್ರು ಬಂದರು, ಕಾಲು ತೊಳೆದರು, ಕೂತರು. ನಾನು ನೀರಿಟ್ಟೆ. ನೋಡಿದರೆ ಬಾಳೆ ಎಲೆ ಕೊಯ್ಯುವುದೇ ಮರೆತುಹೋಗಿತ್ತು. ನಮ್ಮಿಬ್ಬರ ತಲೆಯಲ್ಲೂ ಅಂದು ನೋಟೀಸೇ ತುಂಬಿತ್ತಲ್ಲ. "ಒಂದು ನಿಮಿಷ ಸಾರ್" ಎಂದು ಅಕ್ಕ ಕತ್ತಿ ಹಿಡಿದು ಓಡಿದಳು. ಎಲೆ ಕೊಯ್ದಳು. ಬರುವಾಗ ಇನ್ನೊಂದು ಎಲೆ ಬೇಕೆನಿಸಿತೋ ಏನೋ, ಮೇಲಿನ ಮೆಟ್ಟಿಲಿನಿಂದ ಪುನಃ ತಿರುಗಿದಳು. ಎರಡನೆಯದನ್ನು ಎಂದಿನಂತೆ ಹಾರಿದಳು. ಆದರೆ ದೊಡ್ಡ ಗೋಣಿಯ ತುದಿ ಮೂರನೆಯದರ ಮೇಲೆ ಇಳಿದು ಬಿದ್ದಿತ್ತು. ಅವಳ ಕಾಲು ಅದರ ಮೇಲೆ ಹೋಯಿತು.

ದೊಡ್ಡ ಸದ್ದೇನೂ ಆಗಲಿಲ್ಲ. ತುಳಸಿಯ ಚಟ್ಟಿ ಒಡೆದದ್ದು ಮಾತ್ರ ಕೇಳಿಸಿತು. ನಾನು ಓಡಿ ನೋಡಿದರೆ ಅಕ್ಕ ಕೆಳಗೆ ಒಗೆಯುವ ಕಲ್ಲಿನ ಹತ್ತಿರ ಬಿದ್ದಿದ್ದಳು, ಎಡಗಾಲು ವಾರೆಯಾಗಿ ತಿರುಗಿತ್ತು. ಕೈಯಲ್ಲಿ ಎಲೆ ಹಾಗೆಯೇ ಇತ್ತು. ನನ್ನ ಹಿಂದೆಯೇ ಮಾಸ್ಟ್ರು, "ಗಿರಿಜಾ, ಗಿರಿಜಾ" ಎನ್ನುತ್ತಾ ಬಾಗಿಲಿಗೆ ಬಂದು ಇಳಿಯಲು ಕಾಲೆತ್ತಿದರು.

ಅಕ್ಕ ನೋವಿನಲ್ಲಿ ತುಟಿ ಕಚ್ಚಿಕೊಂಡು, ಕೆಳಗಿನಿಂದಲೇ, "ಸಾರ್, ಜಾಗ್ರತೆ. ಎರಡನೆಯದು ಅಲ್ಲಾಡ್ತದೆ" ಎಂದಳು.

ಏಳು ವರ್ಷದಲ್ಲಿ ಅವಳು ತನ್ನ ಬಾಯಿಯಿಂದ ಮಾಸ್ಟ್ರಿಗೆ ಆ ವಿಷಯ ಹೇಳಿದ್ದು ಅದೇ ಮೊದಲು.

ಪಕ್ಕದ ಮನೆಯವರ ರಿಕ್ಷಾದಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಆಪರೇಷನ್ ಮಾಡಿ ಕಬ್ಬಿಣ ಕೂರಿಸಿದರು. ಮಾಸ್ಟ್ರು ಆಸ್ಪತ್ರೆಯ ಬೆಂಚಿನಲ್ಲಿ ಊಟವಿಲ್ಲದೆ ಕೂತಿದ್ದರು. ಹೋಗಿ ಸಾರ್ ಎಂದರೆ ತಲೆ ಅಲ್ಲಾಡಿಸುತ್ತಿದ್ದರು, ಅಷ್ಟೆ. ನೋಟೀಸು ನನ್ನ ಬ್ಯಾಗಿನಲ್ಲೇ ಇತ್ತು. ಅದರ ಮೇಲೆಯೇ ಆಸ್ಪತ್ರೆಯ ಚೀಟಿಗಳನ್ನು ತುಂಬಿಸಿಕೊಂಡೆ.

ನಾಲ್ಕನೆಯ ದಿನ ಬಟ್ಟೆ ತರಲು ಮನೆಗೆ ಹೋದೆ. ಹಿಂಬಾಗಿಲು ತೆಗೆದರೆ ಕಾರ್ಕಳದ ಕಲ್ಲು ಬಂದಿತ್ತು. ಒಂದಲ್ಲ, ಐದಕ್ಕೆ ಐದೂ. ಬೂದುಬಣ್ಣ, ಗಟ್ಟಿ, ಅಂಚು ಚೊಕ್ಕ. ಸಂಜೀವನನ್ನೇ ಕರೆಸಿ ಮಾಡಿಸಿದ್ದರು. ಸಿಮೆಂಟು ಇನ್ನೂ ಹಸಿಯಾಗಿತ್ತು. ಕಲ್ಲು ಕಡಿಯುವವನಿಗೆ ಪುರುಸೊತ್ತಾಗಿತ್ತು, ಲಾರಿಯೂ ಆ ಕಡೆ ಬಂದಿತ್ತು. ಬಾಗಿಲ ಹತ್ತಿರ ಕೂತು ನಾನು ತುಳುವಿನಲ್ಲಿ ಬಾಯಿಗೆ ಬಂದ ಹಾಗೆ ಬೈದೆ. ಯಾರನ್ನು ಬೈದೆನೋ ನನಗೇ ಗೊತ್ತಿಲ್ಲ. ಬೈದು ಮುಗಿದ ಮೇಲೆ ಅತ್ತೆ.

ಅಕ್ಕ ವಾಕರ್ ಹಿಡಿದು ಮನೆಗೆ ಬಂದಳು. ಬಂದವಳೇ, "ಕಲ್ಲು ತೋರಿಸು" ಎಂದಳು. ಹಿಂಬಾಗಿಲ ಹತ್ತಿರ ಕುರ್ಚಿ ಹಾಕಿ ಕೂರಿಸಿದೆ. ಅವಳು ಬಹಳ ಹೊತ್ತು ನೋಡಿ, "ಒಳ್ಳೆ ಕಲ್ಲು" ಎಂದಳು. ಆ ಕಲ್ಲನ್ನು ಅವಳು ಒಂದು ದಿನವೂ ತುಳಿಯಲಿಲ್ಲ. ಹಿತ್ತಿಲಿಗೆ ಇಳಿಯುವ ಶಕ್ತಿ ಅವಳಿಗೆ ಮತ್ತೆ ಬರಲೇ ಇಲ್ಲ.

ಮೆಷಿನ್ ತುಳಿಯಲೂ ಆಗಲಿಲ್ಲ. ಮೋಟಾರ್ ಹಾಕಿಸಿಕೊಡುತ್ತೇನೆ ಎಂದೆ, ಹಾಕಿಸಿದೆ ಕೂಡ. "ಇದು ನನ್ನ ಮಾತು ಕೇಳುದಿಲ್ಲ, ತಾನೇ ಓಡ್ತದೆ" ಎಂದು ಎರಡು ದಿನ ನೋಡಿ ಬಿಟ್ಟಳು. ಹೊಲಿಯಲು ಬಂದ ಬಟ್ಟೆಗಳನ್ನು ಒಂದೊಂದಾಗಿ ವಾಪಸು ಕೊಟ್ಟೆವು. ಅಳತೆಯ ಟೇಪು ಮಾತ್ರ ಕುತ್ತಿಗೆಯಲ್ಲೇ ಇರುತ್ತಿತ್ತು. ಸಂಜೆ ಗೇಟು ತೆಗೆಯುವಾಗ ಒಳಗಿನಿಂದ ಏನೂ ಕೇಳಿಸುತ್ತಿರಲಿಲ್ಲ. ಆ ಮೌನ ನನಗೆ ಹೇಳಲಾರದಷ್ಟು ಸಂಕಟ ಕೊಡುತ್ತಿತ್ತು. ನಾನು ಬೇಕೆಂದೇ ಚಪ್ಪಲಿ ಬಡಿದು, ಬಾಲ್ದಿ ಸದ್ದು ಮಾಡಿ ಒಳಗೆ ಹೋಗುತ್ತಿದ್ದೆ.

ಒಂದು ದಿನ ಕನ್ನಡಕ ಹುಡುಕುತ್ತಾ ನನ್ನ ಬ್ಯಾಗು ತೆಗೆದ ಅಕ್ಕನಿಗೆ ನೋಟೀಸು ಸಿಕ್ಕಿತು. ನಾನು ಹಿತ್ತಿಲಿನಿಂದ ಬರುವಾಗ ಮಡಿಲಲ್ಲಿಟ್ಟುಕೊಂಡು ಓದುತ್ತಿದ್ದಳು.

"ಚಂದ ಬರ್ದಿದ್ದಿ ನೀನು. ಜೀವಕ್ಕೆ ಅಪಾಯ ಅಂತೆಲ್ಲ ಉಂಟು. ಕೊಡ್ಬೇಕಿತ್ತು" ಎಂದಳು.

"ನೀನೇ ಅಲ್ವಾ ಊಟ ಆಗ್ಲಿ ಅಂದದ್ದು?"

"ನಾನು ಹೇಳಿದ್ದನ್ನು ನೀನು ಯಾವತ್ತು ಕೇಳಿದ್ದಿ? ನೀರು ನೋಡ್ಬೇಡ ಅಂದ್ರೆ ನೀರೇ ನೋಡ್ತಿದ್ದಿ. ಅವತ್ತು ಒಂದು ದಿನ ಕೇಳ್ಬೇಕಿತ್ತಾ?" ಎಂದು ನಕ್ಕಳು. ನನಗೂ ನಗು ಬಂತು. ನಗುತ್ತಾ ಇಬ್ಬರೂ ಅತ್ತೆವು. ಮಾಸ್ಟ್ರ ಮೇಲೆ ಅವಳು ಒಂದು ಮಾತೂ ಆಡಲಿಲ್ಲ. ನನಗೆ ಆಡಬೇಕೆನಿಸುತ್ತಿತ್ತು, ಆಡಿದರೆ ಅರ್ಧ ನನ್ನ ಮೇಲೆಯೇ ಬೀಳುತ್ತಿತ್ತು. ಊರಿನವರಿಗೆಲ್ಲ ಹಕ್ಕು ಟೈಪ್ ಮಾಡಿ ಕೊಟ್ಟು, ಅಕ್ಕನ ಪಾಲಿನದನ್ನು ಬ್ಯಾಗಿನಲ್ಲಿಟ್ಟುಕೊಂಡು ನೀರು ಬಡಿಸುತ್ತಾ ನಿಂತವಳು ನಾನು.

ಮಲಗಿ ಮಲಗಿ ಅಕ್ಕನಿಗೆ ಎದೆಯಲ್ಲಿ ಕಫ ಕಟ್ಟಿತು. ಮುಂದಿನ ಮಳೆಗಾಲ ಅವಳು ಪೂರ್ತಿ ನೋಡಲಿಲ್ಲ. ಮಳೆ ಜಡಿಯುವ ಆಟಿಯ ತಿಂಗಳಲ್ಲಿ, ಒಂದು ಬೆಳಿಗ್ಗೆ, ನಾನು ಗಂಜಿ ಆರಿಸುತ್ತಿರುವಾಗ ಹೋಗಿಬಿಟ್ಟಳು.

ಆ ಮನೆಯಲ್ಲಿ ಒಬ್ಬಳೇ ಇರಲು ನನ್ನಿಂದ ಆಗಲಿಲ್ಲ. ಬೀಗದ ಕೈ ತೆಗೆದುಕೊಳ್ಳಲು ಮಾಸ್ಟ್ರು ಬಂದರು. ಮೊದಲ ಭಾನುವಾರವೇ, ಅದೇ ಬಸ್ಸಿಗೆ. ಒಂದೇ ವರ್ಷದಲ್ಲಿ ತುಂಬಾ ಮುದುಕರಾಗಿದ್ದರು. ಖಾಲಿ ಕೋಣೆಗಳನ್ನು ನೋಡಿದರು. ಕ್ಯಾಲೆಂಡರ್ ತೆಗೆದಿದ್ದೆ, ಗೋಡೆಯ ಹಳದಿ ಕಂಡಿತು. ಬಾಲ್ದಿ ಹೆಂಚಿನ ಕೆಳಗೇ ಇತ್ತು. "ಇದೆಲ್ಲ ಇತ್ತಾ?" ಎಂದು ಕೇಳಿದರು. "ಇತ್ತು ಸಾರ್" ಎಂದೆ. ಹೌದು ಸಾರ್ ಅಲ್ಲದೆ ಬೇರೆ ಮಾತು ನನ್ನ ಬಾಯಿಯಿಂದ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು.

ಆಮೇಲೆ ಬ್ಯಾಗಿನಿಂದ ನೋಟೀಸು ತೆಗೆದು ಕೊಟ್ಟೆ. ಯಾಕೆ ಕೊಟ್ಟೆ ಎಂದು ಈಗಲೂ ಸರಿಯಾಗಿ ಗೊತ್ತಿಲ್ಲ. ನೋಯಲಿ ಎಂದು ಕೊಟ್ಟದ್ದು ಸ್ವಲ್ಪ ಉಂಟು, ಸುಳ್ಳು ಯಾಕೆ ಹೇಳಲಿ. ಅವರು ಅಡುಗೆಮನೆಯ ಬಾಗಿಲ ಬೆಳಕಿನಲ್ಲಿ ನಿಂತು, ನಮ್ಮ ಪರೀಕ್ಷೆಯ ಉತ್ತರ ಓದುತ್ತಿದ್ದ ಹಾಗೆಯೇ, ಸಾಲಿನ ಕೆಳಗೆ ಬೆರಳಿಟ್ಟು ಪೂರ್ತಿ ಓದಿದರು. ತಾರೀಕಿನ ಮೇಲೆ ಬೆರಳು ನಿಂತಿತು.

"ಇದು ಆ ಭಾನುವಾರದ ಹಿಂದಿನ ದಿನದ್ದು."

"ಹೌದು ಸಾರ್."

"ಮೊದಲೇ ಕೊಟ್ಟಿದ್ದರೆ ಮಾಡಿಸ್ತಿದ್ದೆ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುದಿಲ್ಲ ಸುಮತಿ. ನಾನು ನಿಮ್ಮನ್ನು ಮಕ್ಕಳು ಅಂದ್ಕೊಂಡೆ. ಮಕ್ಕಳು ಕೇಳಿದ್ದನ್ನು ನಾಳೆ ಅಂದ್ರೆ ಆಗ್ತದೆ ಅಂತ..." ಕಿಸೆಯಿಂದ ಪೆನ್ನು ತೆಗೆದರು. "ಕೈಯಲ್ಲಿ ಕೊಟ್ಟರೆ ಸಹಿ ಹಾಕ್ಬೇಕಲ್ವಾ? ಎಲ್ಲಿ?" ಎಂದರು. ನಾನು ನಕಲು ತೋರಿಸಿದೆ. ಕಾಗದವನ್ನು ಗೋಡೆಗೆ ಒತ್ತಿ ಹಿಡಿದು 'ತಲುಪಿದೆ' ಎಂದು ಬರೆದು, ಸಹಿ ಹಾಕಿ, ಆ ದಿನದ ತಾರೀಕು ಹಾಕಿದರು. ಆ ನಕಲು ನನ್ನ ಹತ್ತಿರ ಉಂಟು.

ಬಾವಿಯ ಹತ್ತಿರ ಬಟ್ಟೆಯ ಹಗ್ಗ ಉಳಿದಿತ್ತು. ಬಿಚ್ಚಿ ತರುತ್ತೇನೆಂದು ಹಿಂಬಾಗಿಲಿಗೆ ಹೋದೆ. ಇಂದು ಒಂದು ಸಲವಾದರೂ ಆ ಎರಡನೆಯ ಕಲ್ಲಿನ ಮೇಲೆ ಕಾಲಿಡಬೇಕು, ಅಕ್ಕನ ಲೆಕ್ಕದಲ್ಲಿ ನಾನೇ ಇಡಬೇಕು ಎಂದುಕೊಂಡು ಮೊದಲನೆಯದಕ್ಕೆ ಇಳಿದೆ. ಇಳಿದವಳು ಹಾಗೆಯೇ ನಿಂತೆ. ಎದುರಿನ ಕೋಣೆಯಿಂದ ಯಾರೂ ಕೂಗಲಿಲ್ಲ. ಕೂಗಲಿಕ್ಕಿಲ್ಲ ಎಂದು ಗೊತ್ತಿದ್ದೂ ಕಿವಿ ಆ ಕಡೆಯೇ ಇತ್ತು.

"ಅದು ಗಟ್ಟಿ ಉಂಟು ಸುಮತಿ. ಹೆದರ್ಬೇಡ, ಕಾಲಿಡು" ಎಂದರು ಮಾಸ್ಟ್ರು ಹಿಂದಿನಿಂದ.

"ಹೌದು ಸಾರ್" ಎಂದೆ. ಎಂದು, ಸೀರೆ ಎತ್ತಿ ಹಿಡಿದು, ಹಾರಿಯೇ ಇಳಿದೆ.